ಮೊದಲು ಬಂಡಿ, ಆಮೇಲೆ ಮೈ

"ಶನಿವಾರ ನಾನು ಬೆಳ್ಳುಳ್ಳಿ ಮುಟ್ಟಾಕಿಲ್ಲ ಸಾಮಿ. ತಿಮ್ಮಪ್ಪನಾಣೆಗೂ."

ನಾರಾಯಣಮ್ಮ ಈ ಮಾತು ಹೇಳಿದ್ದು ಇದೇ ಮೊದಲಲ್ಲ. ಬೆಳಗಿನಿಂದ ಠಾಣೆಯ ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಹೋಗುವವರಿಗೂ ಬರುವವರಿಗೂ ಹೇಳುತ್ತಲೇ ಇದ್ದಳು. ಆಣೆ ಇಡದ ಆಪಾದಿತರನ್ನು ಯಾವ ಪೊಲೀಸಿನವನು ಕಂಡಿದ್ದಾನೆ? ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆದರೆ ಜೀಪು ಹತ್ತಲು ಹೊರಟಿದ್ದ ಇನ್‌ಸ್ಪೆಕ್ಟರ್ ಮರುಳಸಿದ್ದಪ್ಪ ಈ ಸಲ ಮೆಟ್ಟಿಲ ಮೇಲೇ ನಿಂತ.

"ಏನಂದ್ರಿ ತಾಯಿ? ಇನ್ನೊಂದ್ಸಲ ಹೇಳಿ."

"ಶ್ರಾವಣ ಶನಿವಾರ ಸಾಮಿ. ನಮ್ಮನೇಲಿ ಈರುಳ್ಳಿ ಬೆಳ್ಳುಳ್ಳಿ ಎರಡೂ ಒಳೀಕ್ ಬರಾಕಿಲ್ಲ. ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕಿದ್ದೆ, ಕರಿಬೇವು, ಉಪ್ಪು. ಅಷ್ಟೇಯಾ. ಬೆಂಕಿ ಆರಿಸೋಕೆ ಬಂದವ್ರೆ, ಗಂಟಲು ಒಣಗಿರ್ತದೆ ಅಂತ ಗಡಿಗೆ ಹೊತ್ಕೊಂಡು ಹೋದೆ. ನನ್ ಕಾಲಿಗೆ ನಾನೇ ಕಲ್ಲು ಹಾಕ್ಕೊಂಡೆ."

ಹಿಂದಿನ ದಿನ ನಡುಹಗಲಲ್ಲಿ ಸಾರಕ್ಕಿ ಕೆರೆ ಪಕ್ಕದ ಗುರುಶಾಂತಪ್ಪನ ಗೋಡೌನು ಉರಿದಿತ್ತು. ಆರಿಸಿ ಬಂದ ಫೈರ್ ಸರ್ವೀಸಿನ ನಾಲ್ವರು ಸಂಜೆಗೆ ವಾಂತಿ ಮಾಡಿಕೊಂಡು ನೆಲ ಹಿಡಿದಿದ್ದರು. ಅವರಲ್ಲಿ ರಾಮಯ್ಯ ಎಂಬವನು ಬೆಳಗು ಕಾಣಲಿಲ್ಲ. ನಾಲ್ವರೂ ಕುಡಿದದ್ದು ನಾರಾಯಣಮ್ಮನ ಮಜ್ಜಿಗೆ. ನಾಲ್ವರ ವಾಂತಿಯಲ್ಲೂ ಬೆಳ್ಳುಳ್ಳಿಯ ವಾಸನೆ. ಠಾಣೆಗೆ ಇಷ್ಟು ಸಾಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೆ ನಮ್ಮಲ್ಲಿ ಯಾರೂ ಮುಹೂರ್ತ ನೋಡುವುದಿಲ್ಲ.

"ಎಲ್ರೂ ಹಿಂಗೇ ಅಂತಾರೆ ಸಾರ್," ಎಂದ ದಫೇದಾರ ಚಿಕ್ಕಬೈರಪ್ಪ. ಒಳ್ಳೆಯ ಮನುಷ್ಯ, ಆದರೆ ಒಮ್ಮೆ ಒಂದು ದಾರಿ ಹಿಡಿದರೆ ಗಾಣದ ಎತ್ತು. "ವಾಸನೆ ಬಂತು ಅಂತ ಆಸ್ಪತ್ರೆಯೋರೇ ಬರೆದವ್ರೆ. ಈಯಮ್ಮ ಹೊತ್ಕೊಂಡು ಹೋಗಿದ್ದು ಒಗ್ಗರಣೆ ಮಜ್ಜಿಗೆ. ಇನ್ನೇನ್ ಬೇಕು?"

ಮರುಳಸಿದ್ದಪ್ಪ ಅವನ ಕಡೆ ನೋಡಲಿಲ್ಲ. ಜಗಲಿಯ ಅಂಚಿನಲ್ಲಿ ನಾರಾಯಣಮ್ಮನ ಎದುರು ಕೂತ. ಇನ್‌ಸ್ಪೆಕ್ಟರು ತನ್ನ ಸಮಕ್ಕೆ ಕೂತದ್ದು ಕಂಡು ಆಕೆ ಗಾಬರಿಯಿಂದ ಸೆರಗು ಎಳೆದುಕೊಂಡಳು.

"ನೀವು ಗಡಿಗೆ ಹೊತ್ಕೊಂಡು ಅಲ್ಲಿಗೆ ಹೋದಾಗ, ಅಲ್ಲಿ ಬೆಳ್ಳುಳ್ಳಿ ವಾಸನೆ ಇತ್ತಾ?"

"ಇತ್ತಲ್ಲ! ಇಂಥಾ ದಿವ್ಸ ಯಾವ ಮನೆಹಾಳರು ಬೆಳ್ಳುಳ್ಳಿ ಸುಡ್ತಾವ್ರೆ ಅಂತ ಬೈಕೊಂಡೇ ಹೋದೆ. ಆ ಹುಡುಗ್ರ ಮೈಯೆಲ್ಲ ಅದೇ ನಾತ ಹೊಡೀತಿತ್ತು. ಒದ್ದೆ ಕೋಟಿಂದ ನೀರು ತೊಟ್ಟಿಕ್ಕತಿತ್ತು, ಆ ನೀರೂ ನಾತ."

"ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಯಾರು ಕೇಳಿದ್ರು ಸಾಮಿ?"

ಮಜ್ಜಿಗೆಯ ಮೇಲೆ ಮೊದಲು ಅನುಮಾನ ಹೇಳಿದವನು ಫೈರ್ ಸ್ಟೇಷನ್ನಿನ ಅಧಿಕಾರಿ ಅನಂತರಾಮು. ಅವನೂ ಮರುಳಸಿದ್ದಪ್ಪನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಒಬ್ಬನ ಬುತ್ತಿಗೆ ಇನ್ನೊಬ್ಬ ಕೈ ಹಾಕಿ ಬೆಳೆದವರು. ಅನಂತ ಹೇಳಿದ ಮೇಲೆ ಮರುಳಸಿದ್ದಪ್ಪನಿಗೆ ಇನ್ನೊಂದು ಸಲ ಯೋಚಿಸಬೇಕೆಂದೇ ಅನ್ನಿಸಿರಲಿಲ್ಲ. ಈಗ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಸ್ನೇಹಿತ ದುಃಖದಲ್ಲಿದ್ದ, ಏನೋ ಊಹಿಸಿ ಹೇಳಿದ. ಪೊಲೀಸಿನವನು ತಾನಲ್ಲವೇ ಪರೀಕ್ಷಿಸಬೇಕಾದದ್ದು?

"ಚಿಕ್ಕಬೈರಪ್ಪ, ಈಯಮ್ಮನಿಗೆ ಒಂದು ಲೋಟ ಕಾಫಿ ತರಿಸು. ನಾನು ಬರೋವರೆಗೆ ಯಾರೂ ಗದರಿಸಕೂಡದು," ಎಂದು ಹೇಳಿ ಅವನು ಜೀಪು ಹತ್ತಿದ.

ದೊಡ್ಡಾಸ್ಪತ್ರೆಯ ಮೇಲಂತಸ್ತಿನ ವಾರ್ಡಿನಲ್ಲಿ ಡಾಕ್ಟರ್ ಉಮಾಮಹೇಶ್ವರಿ ಬಾಗಿಲಲ್ಲೇ ಅವನನ್ನು ತಡೆದಳು. ಸಣ್ಣ ಪ್ರಾಯದ ಹೆಂಗಸು, ರಾತ್ರಿಯೆಲ್ಲ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿದ್ದವು.

"ಒಳಗೆ ಬನ್ನಿ, ಆದ್ರೆ ಏನನ್ನೂ ಮುಟ್ಬೇಡಿ. ನಿನ್ನೆ ಇವರ ಕೋಟು ಬಿಚ್ಚಿದ ನರ್ಸು ಲಕ್ಷ್ಮಮ್ಮ ಈಗ ಪಕ್ಕದ ರೂಮಲ್ಲಿ ಮಲಗಿದ್ದಾಳೆ. ತಲೆಸುತ್ತು, ವಾಂತಿ, ಬಾಯ್ತುಂಬ ಜೊಲ್ಲು. ಅವಳು ಯಾರ ಮಜ್ಜಿಗೇನೂ ಕುಡಿದಿಲ್ಲ ಇನ್‌ಸ್ಪೆಕ್ಟ್ರೇ."

ಮರುಳಸಿದ್ದಪ್ಪ ಬಾಗಿಲಿನಿಂದ ಕೈ ತೆಗೆದ. "ಅಂದ್ರೆ ವಿಷ ಕೋಟಲ್ಲಿ ಇತ್ತು?"

"ಕೋಟಲ್ಲಿ. ಅಲ್ಲಿಂದ ಮೈಗೆ, ಮೈಯಿಂದ ರಕ್ತಕ್ಕೆ. ಉಣ್ಣೆ ಬಟ್ಟೆ ನೀರು ಕುಡಿದ್ರೆ ಬೇಗ ಬಿಡೋದಿಲ್ಲ, ನಿಮಗೇ ಗೊತ್ತಲ್ಲ. ಒಂದು ಮಾತು ಹೇಳಿ. ಆ ಒದ್ದೆ ಕೋಟು ಎಷ್ಟು ಹೊತ್ತು ಇವರ ಮೈ ಮೇಲಿತ್ತು? ಬೆಂಕಿ ಆರಿದ ತಕ್ಷಣ ಯಾಕೆ ಬಿಚ್ಚಲಿಲ್ಲ? ಯಾಕೆ ತೊಳ್ಕೊಳ್ಳಲಿಲ್ಲ?"

ಯಾಕೆಂಬುದು ಮರುಳಸಿದ್ದಪ್ಪನಿಗೆ ಗೊತ್ತಿತ್ತು. ಅವನು ಕಣ್ಣಾರೆ ಕಂಡಿದ್ದ.

ನಿನ್ನೆ ಮಧ್ಯಾಹ್ನ ಹೇಳಿಕೆ ಬರೆದುಕೊಳ್ಳಲು ಅವನು ಫೈರ್ ಸ್ಟೇಷನ್ನಿಗೆ ಹೋಗಿದ್ದ. ಅಂಗಳದಲ್ಲಿ ಬೆಂಕಿ ಆರಿಸುವ ಕೆಂಪು ಬಂಡಿ ನಿಂತಿತ್ತು. ಮಸಿ ಮೆತ್ತಿದ ಮುಖ, ನೀರಿಳಿಯುವ ನೀಲಿ ಉಣ್ಣೆ ಕೋಟು ತೊಟ್ಟ ಗಂಡಸರು ಬಕೆಟ್ಟು ಹಿಡಿದು ಬಂಡಿ ಉಜ್ಜುತ್ತಿದ್ದರು. ನೀರಿನ ಹೋಸುಗಳನ್ನು ಬಿಡಿಸಿ, ತೊಳೆದು, ಒಣಗಲು ಸ್ಟೇಷನ್ನಿನ ಗೋಪುರಕ್ಕೆ ನೇತುಹಾಕುತ್ತಿದ್ದರು. ಮೊದಲು ಬಟ್ಟೆ ಬದಲಾಯಿಸಬಾರದೇ ಎಂದು ಅವನು ಕೇಳಿದ್ದಕ್ಕೆ, ದಪ್ಪ ಮೀಸೆಯ ಕರಿಬಸವಯ್ಯ ಹಲ್ಲು ಬಿಟ್ಟು ನಕ್ಕಿದ್ದ. "ನಮ್ಮಲ್ಲಿ ಮೊದಲು ಬಂಡಿ, ಆಮೇಲೆ ಮೈ ಸಾರ್. ಈಗಲೇ ಇನ್ನೊಂದು ಗಂಟೆ ಹೊಡೆದ್ರೆ ಬಂಡಿ ರೆಡಿ ಇರ್ಬೇಕಲ್ಲ? ಮೈ ಏನು, ಯಾವಾಗ ಬೇಕಾದ್ರೂ ತೊಳ್ಕೋಬಹುದು." ಪಕ್ಕದಲ್ಲಿ ರಾಮಯ್ಯ ಹೋಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ, ಮದುವೆಯಾಗಿ ವರ್ಷ ತುಂಬದ ಹುಡುಗ. ಅನಂತರಾಮು ಒಣ ಬಟ್ಟೆ ತೊಟ್ಟು ಒಳಗಿನಿಂದ ಬಂದು ಸ್ನೇಹಿತನಿಗೆ ಕುರ್ಚಿ ಹಾಕಿಸಿ, ಕಾಫಿ ತರಿಸಿಕೊಟ್ಟಿದ್ದ. ಅವನ ಕೈಯಿಂದ ಆಗಷ್ಟೇ ಸ್ನಾನ ಮುಗಿಸಿ ಬಂದವನಂತೆ ಸೋಪಿನ ಪರಿಮಳ ಬರುತ್ತಿತ್ತು. ಮಸಿಯ ನಾತದ ನಡುವೆ ಆ ಪರಿಮಳ ಹಿತವಾಗಿತ್ತು.

ಇದನ್ನೆಲ್ಲ, ಸೋಪಿನ ಮಾತೊಂದು ಬಿಟ್ಟು, ಅವನು ಡಾಕ್ಟರಿಗೆ ಹೇಳಿದ. ಉಮಾಮಹೇಶ್ವರಿ ಹಣೆ ಒತ್ತಿಕೊಂಡಳು.

"ಬಂಡಿಗೆ ಬಣ್ಣ ಹೋದ್ರೆ ಇನ್ನೊಂದು ಸಲ ಹೊಡೀಬಹುದಲ್ರೀ!" ಎಂದಳು. ಆ ಮಾತಿನಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು.

ಕರಿಬಸವಯ್ಯನ ಮಂಚದ ಪಕ್ಕದಲ್ಲಿ ಅನಂತರಾಮು ಕೂತಿದ್ದ. ರಾತ್ರಿಯಿಂದ ಅವನು ಅಲ್ಲಿಂದ ಕದಲಿಲ್ಲವಂತೆ. ಸ್ನೇಹಿತನನ್ನು ಕಂಡು ಎದ್ದು ನಿಂತ. ಮುಖ ಬಾಡಿಹೋಗಿತ್ತು.

"ಬಂದ್ಯಾ ಸಿದ್ದಪ್ಪ? ನೋಡೋ ಇವನ ಸ್ಥಿತಿ. ಆ ಹೆಂಗಸು ಬಾಯಿ ಬಿಟ್ಲಾ?"

"ಮಜ್ಜಿಗೆ ಅಲ್ಲವೋ ಅನಂತ. ಕೋಟು."

ಅನಂತರಾಮು ಕರಿಬಸವಯ್ಯನ ಹೊದಿಕೆ ಸರಿಮಾಡಿದ. "ಕೋಟಾ?" ಎಂದ ಆಮೇಲೆ. "ಇದೆಂಥದೋ, ಕೇಳಿದ್ದೇ ಇಲ್ಲ."

ಕರಿಬಸವಯ್ಯನ ಮೈ ಸಣ್ಣಗೆ ಅದುರುತ್ತಿತ್ತು. ತೋಳಿನ ಚರ್ಮದ ಕೆಳಗೆ ಮಾಂಸ ತಾನಾಗಿ ಕುಣಿಯುತ್ತಿತ್ತು. ಬೆವರು ದಿಂಬನ್ನು ತೋಯಿಸಿತ್ತು. ಉಮಾಮಹೇಶ್ವರಿ ಅವನ ರೆಪ್ಪೆ ಎತ್ತಿ ತೋರಿಸಿದಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗಿತ್ತು.

"ಇದು ಚಳಿಯ ನಡುಕ ಅಲ್ಲ," ಎಂದು ಅವಳು ಇಬ್ಬರಿಗೂ ಕೇಳುವಂತೆ ಹೇಳಿದಳು. "ಯಾರೂ ಕರುಣೆ ತೋರ್ಸೋಕೆ ಹೋಗಿ ಇವರ ಬಟ್ಟೆ ತಂದು ಹೊದಿಸ್ಬೇಡಿ. ಆ ಕೋಟುಗಳನ್ನ ಹಿಂದಿನ ಜಗಲೀಲಿ ಟಾರ್ಪಾಲಿನ ಕೆಳಗೆ ಇಡ್ಸಿದ್ದೀನಿ. ಇನ್ನೊಂದು ಸಲ ಮೈಗೆ ತಾಗಿದ್ರೆ ಬ್ರಹ್ಮ ಬಂದ್ರೂ ಉಳಿಸೋಕಾಗಲ್ಲ."

ಆಗ ಕರಿಬಸವಯ್ಯ ಕಣ್ಣು ತೆರೆದ. ಮರುಳಸಿದ್ದಪ್ಪನನ್ನು ಗುರುತು ಹಿಡಿದ. ಏನೋ ಹೇಳಲು ಬಾಯಿ ತೆರೆದರೆ ಜೊಲ್ಲು ಮಾತ್ರ ಇಳಿಯಿತು. ಅವನ ಕಣ್ಣು ಇನ್‌ಸ್ಪೆಕ್ಟರ್ ಮುಖದಿಂದ ಮಂಚದ ಆ ಬದಿಗೆ ಹೊರಳಿ, ಮತ್ತೆ ಇನ್‌ಸ್ಪೆಕ್ಟರ್ ಮುಖಕ್ಕೆ ಬಂತು.

"ಮಾತಾಡಬೇಡಪ್ಪಾ, ದಣಿವಾಗುತ್ತೆ," ಎಂದು ಅನಂತರಾಮು ಅವನ ಎದೆ ಸವರಿದ. "ಮಲಕ್ಕೋ, ಮಲಕ್ಕೋ."

ಉಮಾಮಹೇಶ್ವರಿ ಮರುಳಸಿದ್ದಪ್ಪನನ್ನು ಹೊರಗೆ ಕರೆದುಕೊಂಡು ಹೋದಳು.

"ರಾಮಯ್ಯ ಹೋದ ದಾರೀಲೇ ಇವನೂ ಹೊರಟಿದ್ದಾನೆ. ಉಳಿದಿಬ್ಬರು ಸ್ವಲ್ಪ ಹಿಂದಿದ್ದಾರೆ, ಅಷ್ಟೇ. ನನಗೆ ಅನುಮಾನ ಇರೋದು ತೋಟಕ್ಕೆ ಹೊಡೆಯೋ ಹುಳದ ಔಷಧಿ ಮೇಲೆ. ಅದರಲ್ಲಿ ಕೆಲವು ಬೆಳ್ಳುಳ್ಳಿ ನಾತಾನೇ ಹೊಡೆಯೋದು. ಅದಕ್ಕೊಂದು ಇಂಜೆಕ್ಷನ್ ಇದೆ. ಆದ್ರೆ ಬೇಕಾದಷ್ಟು ಕೊಟ್ಟಾಗ ಅದೂ ಒಂದು ವಿಷಾನೇ. ನನ್ನ ಅನುಮಾನ ತಪ್ಪಾಗಿದ್ರೆ ನಾನೇ ಇವನನ್ನ ಕೊಂದ ಹಾಗೆ. ದೊಡ್ಡ ಡಾಕ್ಟ್ರು ಮಜ್ಜಿಗೆ ಕೆಟ್ಟಿತ್ತು ಅಂತಲೇ ಕೂತಿದ್ದಾರೆ. ಹೆಸರು ಗೊತ್ತಿಲ್ಲದೆ ಸ್ಟೋರಿನ ಬೀಗ ತೆಗೆಯೋಕೆ ಒಪ್ಪಲ್ಲ. ಆ ಗೋಡೌನಲ್ಲಿ ಏನಿತ್ತು, ನನಗೆ ಹೆಸರು ತಂದುಕೊಡಿ."

"ಯಾವಾಗ ಬೇಕು?"

"ನಿನ್ನೆ ಬೇಕಾಗಿತ್ತು," ಎಂದು ಅವಳು ಒಳಗೆ ಹೋದಳು.

ಮರುಳಸಿದ್ದಪ್ಪ ಜೀಪನ್ನು ಮೊದಲು ಸಾರಕ್ಕಿಗೆ ಹೊಡೆಸಿದ. ಗೋಡೌನಿನ ಗೋಡೆ ನಾಲ್ಕೂ ನಿಂತಿದ್ದವು, ಹೆಂಚು ಪೂರಾ ಕುಸಿದಿತ್ತು. ಬಾಯಿ ಒಡೆದ ತಗಡಿನ ಡಬ್ಬಗಳು ಬೂದಿಯಲ್ಲಿ ಹೂತಿದ್ದವು. ಅವನು ಬೂಟಿನ ತುದಿಯಿಂದ ಒಂದನ್ನು ಹೊರಳಿಸಿದ. ಚೀಟಿ ಇದ್ದ ಜಾಗವನ್ನು ಬೆಂಕಿ ತಿಂದಿರಲಿಲ್ಲ. ಯಾರೋ ಮೊದಲೇ ಚಾಕುವಿನಿಂದ ಕೆರೆದಿದ್ದರು, ಗೀರು ಹೊಳೆಯುತ್ತಿತ್ತು. ಬೆಂಕಿ ಆರಿಸಿದ ನೀರು ಹರಿದುಹೋದ ಕಾಲುವೆಯಲ್ಲಿ ಕಪ್ಪೆಗಳು ಬಿಳಿ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಕಾಲುವೆಯ ಉದ್ದಕ್ಕೂ ಒಂದೇ ಒಂದು ಕಪ್ಪೆ ಕೂಗುತ್ತಿರಲಿಲ್ಲ. ಶ್ರಾವಣದಲ್ಲಿ, ಕೆರೆ ಮಗ್ಗುಲಲ್ಲಿ, ಆ ಮೌನ ಅವನಿಗೆ ಸಹಿಸಲಾಗಲಿಲ್ಲ.

ಗುರುಶಾಂತಪ್ಪ ನಿನ್ನೆ ಕೊಟ್ಟ ಹೇಳಿಕೆ ಅವನಿಗೆ ಬಾಯಿಪಾಠವಾಗಿತ್ತು: ಕಡಲೆಕಾಯಿ ಹಿಂಡಿ, ಮೂಟೆ ಗೊಬ್ಬರ. ಇನ್ನೊಮ್ಮೆ ಕೇಳಿದರೆ ಇದನ್ನೇ ಹೇಳುತ್ತಾನೆ. ಹೊಡೆದು ಬಡಿದು ಹೇಳಿಸಲು ಹೊತ್ತಿಲ್ಲ. ವಕೀಲರು ಬರುತ್ತಾರೆ, ಅಷ್ಟರಲ್ಲಿ ಮೂರು ಹೆಣ ಬೀಳುತ್ತದೆ. ಡಾಕ್ಟರಮ್ಮನ ಅನುಮಾನ ನಿಜವೇ ಆದರೆ, ಆ ಮಾಲು ಪರ್ಮಿಟ್ಟಿಲ್ಲದೆ ಬಂದದ್ದು. ಚೀನಾದವರ ಯುದ್ಧವಾದ ಮೇಲೆ ಹೊರದೇಶದ ಡಬ್ಬ ಒಂದು ಬರಬೇಕಾದರೂ ದಿಲ್ಲಿಯ ಮೊಹರು ಬೇಕಿತ್ತು. ಸಾರಕ್ಕಿಯಿಂದ ಅಂಜನಾಪುರದವರೆಗೆ ದ್ರಾಕ್ಷಿ ತೋಟದವರು ಕೇಳಿದ ಬೆಲೆ ಕೊಡುತ್ತಿದ್ದರು. ಚೀಟಿ ಕೆರೆದದ್ದು ಯಾಕೆಂದು ಕೇಳಬೇಕಾಗಿಯೇ ಇರಲಿಲ್ಲ.

ಠಾಣೆಗೆ ಬಂದವನೇ ದಫೇದಾರನನ್ನು ಕರೆದ.

"ಚಿಕ್ಕಬೈರಪ್ಪ, ನಿನ್ನ ತಮ್ಮ ರೈಲ್ವೇಲಿ ಗಾರ್ಡಲ್ವಾ? ಅವನ ನೀಲಿ ಉಣ್ಣೆ ಕೋಟು, ಹಿತ್ತಾಳೆ ಗುಂಡಿಯದ್ದು, ಈಗಲೇ ಬೇಕು."

"ಕೋಟು ಯಾಕೆ ಸಾರ್?"

"ಒದ್ದೆ ಮಾಡೋಕೆ."

ಆಮೇಲೆ ಅವನು ಜಗಲಿಗೆ ಬಂದ. ನಾರಾಯಣಮ್ಮ ಖಾಲಿ ಕಾಫಿ ಲೋಟವನ್ನು ತೊಳೆದು ಬೋರಲು ಹಾಕಿಟ್ಟಿದ್ದಳು.

"ಅಮ್ಮ, ಇವತ್ತು ಭಾನುವಾರ. ಬೆಳ್ಳುಳ್ಳಿ ಮುಟ್ಟಬಹುದಲ್ಲ?"

ಆಕೆ ಬಿಟ್ಟ ಕಣ್ಣು ಬಿಟ್ಟಂತೆ ಅವನನ್ನು ನೋಡಿದಳು. ಮಜ್ಜಿಗೆ ಕೊಟ್ಟು ಜೈಲಿಗೆ ಬಂದಾಯಿತು, ಇನ್ನು ಬೆಳ್ಳುಳ್ಳಿಗೆ ನೇಣೋ ಏನೋ ಎಂದುಕೊಂಡಿರಬೇಕು. ಆದರೂ ಗಡ್ಡೆ ತರಿಸಿಕೊಟ್ಟಾಗ ಠಾಣೆಯ ಮೆಟ್ಟಿಲ ಮೇಲೆ ಗುಂಡುಕಲ್ಲಿನಿಂದ ಚೆನ್ನಾಗಿ ಜಜ್ಜಿದಳು. ಅಡುಗೆ ಗೊತ್ತಿದ್ದವರ ಕೈ ಹೆದರಿಕೆಯಲ್ಲೂ ತಪ್ಪುವುದಿಲ್ಲ.

ಜಯನಗರದ ಹೊಸ ಬಡಾವಣೆಯಲ್ಲಿ ಗುರುಶಾಂತಪ್ಪ ಕಟ್ಟಿಸಿದ ಮನೆಗೆ ಇನ್ನೂ ಸುಣ್ಣದ ವಾಸನೆ ಇತ್ತು. ಹಾಲಿನಲ್ಲಿ ಕೆಂಪು ಗಾರೆ ನೆಲ ಮುಖ ಕಾಣುವಂತೆ ಮಿನುಗುತ್ತಿತ್ತು. ಗೋಡೆಯ ಪಕ್ಕ ಮುಕ್ಕಾಲಿಯ ಮೇಲೆ ಕರಿಯ ಟೆಲಿಫೋನು, ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಕೆ. ಗುರುಶಾಂತಪ್ಪ ಹಣೆಗೆ ವಿಭೂತಿ, ಹೆಗಲಿಗೆ ಶಾಲು ಹಾಕಿಕೊಂಡು ಬಾಗಿಲಿಗೆ ಬಂದ.

"ಬನ್ನಿ ಸಾರ್, ಬನ್ನಿ. ಆ ಹೆಂಗಸನ್ನ ಹಿಡಿದ್ರಂತೆ. ಪಾಪ, ರಾಮಯ್ಯ ಅನ್ನೋ ಹುಡುಗ... ಕೇಳಿ ಊಟ ಸೇರಲಿಲ್ಲ ನನಗೆ."

"ನಿಮ್ಮ ಗೋಡೌನಲ್ಲಿ ಏನಿತ್ತು ಗುರುಶಾಂತಪ್ಪನೋರೇ?"

"ಹೇಳಿದ್ನಲ್ಲ ಸಾರ್ ನಿನ್ನೆ. ಹಿಂಡಿ. ಗೊಬ್ಬರ. ಬೀಜ ಗೊಬ್ಬರದ ವ್ಯಾಪಾರಿ ಹತ್ರ ಇನ್ನೇನಿರುತ್ತೆ?"

"ಕಾಲುವೆಯ ಕಪ್ಪೆಗಳೆಲ್ಲ ಸತ್ತಿವೆ. ಹಿಂಡಿ ತಿಂದವಾ?"

"ಬಿಸಿ ನೀರಿಗೆ ಸತ್ತಿರ್ಬೇಕು. ಅಷ್ಟು ದೊಡ್ಡ ಬೆಂಕಿ!"

"ಡಬ್ಬದ ಮೇಲಿನ ಚೀಟಿ ಕೆರೆದಿದ್ದಾರೆ."

"ಹಳೇ ಡಬ್ಬ ಸಾರ್. ಬೇವಿನೆಣ್ಣೆ ತುಂಬಿಸೋಕೆ ಅಂತ ತಂದಿದ್ದು."

ಒಂದೊಂದು ಪ್ರಶ್ನೆಗೂ ಉತ್ತರ ಅಂಗಡಿಯ ತೂಕದ ಕಲ್ಲಿನಂತೆ ಸಿದ್ಧವಾಗಿತ್ತು. ಮರುಳಸಿದ್ದಪ್ಪ ತಲೆಯಾಡಿಸಿದ, ನಂಬಿದವನಂತೆ. ಆಮೇಲೆ ದಫೇದಾರನಿಗೆ ಕಣ್ಸನ್ನೆ ಮಾಡಿದ. ಚಿಕ್ಕಬೈರಪ್ಪ ಪೇಪರಿನಲ್ಲಿ ಸುತ್ತಿದ ಗಂಟನ್ನು, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ತೋಳು ಮುಂದೆ ಚಾಚಿ ಹಿಡಿದು ತಂದ. ಆ ಅಭಿನಯ ಅವನ ಸ್ವಂತದ್ದು, ಯಾರೂ ಹೇಳಿಕೊಟ್ಟಿರಲಿಲ್ಲ.

ಪೇಪರು ಬಿಚ್ಚಿದಾಗ ಒದ್ದೆ ಉಣ್ಣೆಯ ಕೋಟು ಹೊರಬಿತ್ತು. ನೀಲಿಯ ಮೇಲೆ ಬೂದಿ ಮೆತ್ತಿತ್ತು. ಹಾಲಿನ ತುಂಬ ಬೆಳ್ಳುಳ್ಳಿಯ ನಾತ ಹರಡಿತು.

"ರಾಮಯ್ಯನ ಕೋಟು," ಎಂದ ಮರುಳಸಿದ್ದಪ್ಪ. ಸುಳ್ಳು ಹೇಳುವಾಗ ಅವನ ಧ್ವನಿ ಯಾವಾಗಲೂ ಮೃದುವಾಗುತ್ತಿತ್ತು. "ಹೊರಗೆ ತಣ್ಣಗಿದೆ. ನಿಮಗೂ ವಯಸ್ಸಾಯ್ತು. ಇದನ್ನ ಸ್ವಲ್ಪ ಹೊದ್ಕೊಳ್ಳಿ."

ಕೋಟನ್ನು ಎರಡು ಕೈಯಿಂದ ಬಿಡಿಸಿ ಹಿಡಿದು ಅವನು ಒಂದು ಹೆಜ್ಜೆ ಮುಂದೆ ಬಂದ. ಗುರುಶಾಂತಪ್ಪ ಹಿಂದೆ ಸರಿದ. ಇನ್ನೊಂದು ಹೆಜ್ಜೆಗೆ ಅವನ ಬೆನ್ನು ಗೋಡೆಗೆ ತಾಗಿತು. ಕೋಟಿನ ತೋಳು ತೂಗಾಡಿ ಅವನ ಶಾಲಿನ ಅಂಚಿಗೆ ಬಂದದ್ದೇ, ಶಾಲನ್ನು ಹಾವಿನಂತೆ ಕಿತ್ತೆಸೆದ.

"ದೂರ! ದೂರ ಇಡ್ರೀ ಅದನ್ನ! ಮೈಗೆ ತಾಗಿಸ್ಬೇಡಿ! ಮನೇಲಿ ಹೆಂಗಸರು ಇದ್ದಾರೆ, ಹೊರಗೆ ಹಾಕಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲಿನ ಶಾಲನ್ನೇ ಎಸೆದಿದ್ದ.

"ಹಿಂಡಿ ಮೆತ್ತಿದ ಕೋಟು ತಾನೇ?" ಎಂದ ಮರುಳಸಿದ್ದಪ್ಪ. "ತಾಗಿದ್ರೆ ಏನಾಗುತ್ತೆ?"

ಗುರುಶಾಂತಪ್ಪ ಕೋಟಿನಿಂದ ಕಣ್ಣು ತೆಗೆಯದೆ ಗೋಡೆಗೆ ಇನ್ನಷ್ಟು ಒತ್ತಿಕೊಂಡ.

"ನಾನು ಹೇಳ್ತೀನಿ ಏನಾಗುತ್ತೆ ಅಂತ. ಕಣ್ಣುಪಾಪೆ ಸಾಸಿವೆ ಕಾಳಾಗುತ್ತೆ. ತನ್ನ ಜೊಲ್ಲಲ್ಲಿ ತಾನೇ ಮುಳುಗ್ತಾನೆ ಮನುಷ್ಯ. ರಾಮಯ್ಯನ ಹೆಂಡತಿ ಮಂಗಮ್ಮ ಇವತ್ತು ಬೆಳಗ್ಗೆ ನನ್ನ ಕೇಳಿದ್ಲು, ಬೆಂಕಿ ಸುಟ್ಟಿಲ್ಲ, ಗಾಯ ಇಲ್ಲ, ಹೆಂಗ್ ಸತ್ರು ಸಾರ್ ಅಂತ. ನಾನೇನು ಹೇಳ್ಲಿ? ನಿಮ್ಮ ಮಾಲು ಉಳಿಸೋಕೆ ಹೋಗಿ ಸತ್ತ ಅಂತ ಹೇಳ್ಲಾ? ಇನ್ನೂ ಮೂರು ಜನ ಅಲ್ಲಿ ಮಲಗಿದ್ದಾರೆ ಗುರುಶಾಂತಪ್ಪ. ಪರ್ಮಿಟ್ ವಿಚಾರ ಆಮೇಲೆ ನೋಡೋಣ. ಜೈಲು ಆಮೇಲೆ ನೋಡೋಣ. ಈಗ ನನಗೆ ಒಂದೇ ಒಂದು ಹೆಸರು ಬೇಕು."

ಅವನು ಹೊಡೆಯಲಿಲ್ಲ, ಕೂಗಲೂ ಇಲ್ಲ. ಕೋಟನ್ನು ಇನ್ನೊಂದು ಗೇಣು ಮುಂದೆ ಚಾಚಿದ. ಅಷ್ಟು ಸಿಟ್ಟು ಅವನಿಗೆ ಬಂದು ಎಷ್ಟೋ ವರ್ಷವಾಗಿತ್ತು.

ಗುರುಶಾಂತಪ್ಪ ಗೋಡೆಗೆ ಒರಗಿಕೊಂಡೇ ಕೆಳಗೆ ಕುಸಿದ.

"ಪ್ಯಾರಥಿಯಾನ್," ಎಂದ.

ಮರುಳಸಿದ್ದಪ್ಪ ಕೋಟನ್ನು ಬಿಸಾಕಿ ಟೆಲಿಫೋನಿನ ಕಸೂತಿ ಬಟ್ಟೆ ಕಿತ್ತೆಸೆದ. ಆಸ್ಪತ್ರೆಯ ನಂಬರು ಸಿಕ್ಕಿ, ವಾರ್ಡಿಗೆ ಕೊಟ್ಟು, ಉಮಾಮಹೇಶ್ವರಿ ಬಂದು ಹಲೋ ಎನ್ನುವವರೆಗೆ ಅವನು ಉಸಿರು ಬಿಟ್ಟನೋ ಇಲ್ಲವೋ.

"ಪ್ಯಾರಥಿಯಾನ್, ಡಾಕ್ಟ್ರೇ."

"ಇನ್ನೊಂದ್ಸಲ ಹೇಳಿ."

"ಪ್ಯಾರಥಿಯಾನ್. ಗೋಡೌನಿನವನೇ ಹೇಳಿದ್ದು, ನನ್ನ ಮುಂದೇ ಇದ್ದಾನೆ."

"ಸಾಕು. ನನಗೆ ಇಷ್ಟು ಸಾಕು." "ದೊಡ್ಡ ಡಾಕ್ಟ್ರ ಹತ್ರ ನಾನೇ ಹೋಗಿ ಸ್ಟೋರಿನ ಬೀಗ ತೆಗೆಸ್ತೀನಿ. ಕರಿಬಸವಯ್ಯನಿಗೆ ಇನ್ನೂ ಉಸಿರಿದೆ. ಉಳಿಸ್ಕೋಬಹುದು ಇನ್‌ಸ್ಪೆ—" ಎನ್ನುತ್ತಲೇ ಫೋನು ಇಟ್ಟಳು.

ಮರುಳಸಿದ್ದಪ್ಪ ಕುರ್ಚಿಯಲ್ಲಿ ಕೂತ. ಕಣ್ಣು ಒದ್ದೆಯಾಗಿತ್ತು, ಅದನ್ನು ಬೆಳ್ಳುಳ್ಳಿಯ ಲೆಕ್ಕಕ್ಕೆ ಹಾಕಿ ತೋಳಿನಿಂದ ಒರೆಸಿಕೊಂಡ. ದಫೇದಾರ ಕರ್ಚೀಫು ಬಿಚ್ಚಿ, ಕೋಟನ್ನು ನೆಲದಿಂದ ಎತ್ತಿ, ಕೊಡವಿ, ತೋಳಿನ ಮೇಲೆ ಹಾಕಿಕೊಂಡ.

ಗುರುಶಾಂತಪ್ಪ ಬೆಪ್ಪಾಗಿ ನೋಡಿದ. "ಅದನ್ನ ಕೈಯಲ್ಲಿ..."

"ನನ್ ತಮ್ಮನದು," ಎಂದ ಚಿಕ್ಕಬೈರಪ್ಪ. "ಗೂಡ್ಸ್ ಗಾಡಿ ಗಾರ್ಡು. ನಾರಾಯಣಮ್ಮನ ಕೈಲಿ ಬೆಳ್ಳುಳ್ಳಿ ಉಜ್ಜಿಸಿದ್ದು. ಇನ್ನು ಈ ನಾತ ಹೋಗೋಕೆ ಎಷ್ಟು ದಿನ ಬೇಕೋ."

ಗುರುಶಾಂತಪ್ಪನ ಮುಖಕ್ಕೆ ರಕ್ತ ನುಗ್ಗಿತು. ಮೋಸ ಮಾಡುವವನಿಗೆ ತಾನೇ ಮೋಸ ಹೋದಾಗ ಬರುವಷ್ಟು ಸಿಟ್ಟು ಇನ್ಯಾರಿಗೂ ಬರುವುದಿಲ್ಲ. ಅವನು ಗೋಡೆ ಹಿಡಿದು ಎದ್ದು ನಿಂತ.

"ನನ್ನೊಬ್ಬನ ಮೇಲೇ ಹಾಕ್ಬೇಡಿ ಸಾರ್! ಮಾಲು ನನ್ನದು, ಒಪ್ಕೋತೀನಿ. ಆದ್ರೆ ಆ ಹುಡುಗರನ್ನ ಕೊಂದೋನು ನಾನಲ್ಲ. ನಾನು ಹೇಳಿದ್ದೆ!"

"ಯಾರಿಗೆ?"

"ಬಂಡಿ ಬಂದ ತಕ್ಷಣ ಗೇಟಲ್ಲೇ ಓಡಿಹೋಗಿ ಹೇಳ್ದೆ. ಒಳಗೆ ದ್ರಾಕ್ಷಿ ಔಷಧಿ ಇದೆ, ನೀರು ಬಿದ್ರೆ ಮೈಗೆ ಮೆತ್ಕೊಳುತ್ತೆ, ಯಾರನ್ನೂ ಒಳಗೆ ಬಿಡಬೇಡಿ, ದೂರದಿಂದ ಹೊಡೀರಿ, ಆಮೇಲೆ ಎಲ್ರಿಗೂ ಸೋಪು ಹಾಕಿ ಸ್ನಾನ ಮಾಡ್ಸಿ ಅಂತ. ಜೈಲಿಗೆ ಹೋದ್ರೂ ಹೋಗ್ಲಿ ಅಂತ ಹೇಳಿಬಿಟ್ಟೆ ಸಾರ್, ನನ್ನಾಣೆಗೂ! ಅವರು ಸರಿ ಅಂದ್ರು. 'ಇನ್ಯಾರ ಹತ್ರಾನೂ ಬಾಯಿ ಬಿಡಬೇಡಿ, ನಾನು ನೋಡ್ಕೋತೀನಿ' ಅಂದ್ರು. ಆಮೇಲೆ ನೋಡಿದ್ರೆ ಹುಡುಗ್ರನ್ನ ಒಳಗೇ ಕಳ್ಸಿದ್ರು. ದೂರದಿಂದ ಹೊಡೆದ್ರೆ ಬೇಗ ಆರಲ್ಲ, ತಮ್ಮ ಹೆಸರು ಕೆಡುತ್ತೆ ಅಂತ ಲೆಕ್ಕ ಹಾಕಿರ್ಬೇಕು."

"ಅವರು ಅಂದ್ರೆ ಯಾರ್ರೀ?"

ಕೇಳುತ್ತಿದ್ದಂತೆಯೇ ಮರುಳಸಿದ್ದಪ್ಪನಿಗೆ ಉತ್ತರ ಬೇಡವೆನಿಸಿತು. ಮೂಗಿಗೆ ಬೆಳ್ಳುಳ್ಳಿಯ ನಾತವಿದ್ದರೂ, ಎಲ್ಲಿಂದಲೋ ಸೋಪಿನ ಪರಿಮಳ ತೇಲಿಬಂತು. ನಿನ್ನೆ ಮಧ್ಯಾಹ್ನದ ಅಂಗಳ, ಮಸಿ ಮುಖಗಳು, ನೀರಿಳಿಯುವ ಕೋಟುಗಳು. ಮೊದಲು ಬಂಡಿ, ಆಮೇಲೆ ಮೈ. ಅಷ್ಟು ಜನರಲ್ಲಿ ಒಬ್ಬನೇ ಒಬ್ಬ ಆ ಕಟ್ಟಳೆ ಮುರಿದು ಮೊದಲು ಮೈ ತೊಳೆದುಕೊಂಡು, ಒಣ ಬಟ್ಟೆ ಹಾಕಿಕೊಂಡು, ಅವನಿಗೆ ಕಾಫಿ ಕೊಟ್ಟಿದ್ದ.

"ಆಫೀಸರ್ರೇ ಸಾರ್," ಎಂದ ಗುರುಶಾಂತಪ್ಪ. "ನಿಮ್ಮ ಸ್ನೇಹಿತರು. ಅನಂತರಾಮು."

ಒಂದೇ ಬುತ್ತಿಯಲ್ಲಿ ಉಂಡ ಕೈ.

"ನೀವಿಬ್ರೂ ಮಾತಾಡಿದ್ದನ್ನ ಕಂಡೋರು ಯಾರಾದ್ರೂ ಇದ್ದಾರಾ?"

"ಪಂಪಿನ ಹತ್ರ ಒಬ್ಬ ನಿಂತಿದ್ದ ಸಾರ್. ದಪ್ಪ ಮೀಸೆಯೋನು. ಮಿಷನ್ನು ಸದ್ದು, ಮಾತು ಕೇಳಿಸಿರಲಿಕ್ಕಿಲ್ಲ. ಆದ್ರೆ ನಾನು ಕೈಮುಗಿದು ತಡೆದಿದ್ದನ್ನ ನೋಡಿದ್ದಾನೆ."

ಕರಿಬಸವಯ್ಯನ ಕಣ್ಣು ಮಂಚದ ಆ ಬದಿಗೆ ಹೊರಳಿದ್ದು ಯಾಕೆಂದು ಮರುಳಸಿದ್ದಪ್ಪನಿಗೆ ಈಗ ಅರ್ಥವಾಯಿತು. ಅವನು ಮತ್ತೆ ಫೋನಿಗೆ ಹಾರಿದ. ಈ ಸಲ ಎತ್ತಿದವಳು ಯಾರೋ ಹೊಸ ನರ್ಸು.

"ಡಾಕ್ಟ್ರನ್ನ ಕರೀರಿ!"

"ಡಾಕ್ಟರಮ್ಮ ಔಷಧಿ ತರೋಕೆ ಸ್ಟೋರಿಗೆ ಹೋಗಿದ್ದಾರೆ ಸಾರ್. ನಾನು ಈಗಷ್ಟೇ ಡ್ಯೂಟಿಗೆ ಬಂದೆ."

"ಕರಿಬಸವಯ್ಯನ ಹತ್ರ ಯಾರಿದ್ದಾರೆ?"

"ಅವರ ಆಫೀಸರ್ ಇದ್ದಾರಲ್ಲ ಸಾರ್. ಪೇಷೆಂಟು ಚಳೀಲಿ ನಡುಗ್ತಿದ್ದಾರೆ, ಹಿಂದಿನ ಜಗಲೀಲಿ ಅವರ ಕೋಟು ಇದೆ, ತಂದು ಹೊದಿಸ್ತೀನಿ ಅಂತ ಹೋದ್ರು. ಎಷ್ಟು ಒಳ್ಳೇವರು, ತಮ್ಮ ಕೈಗೆ ಆಪರೇಷನ್ನಿನ ಗ್ಲೌಸ್ ಕೇಳಿ ಹಾಕ್ಕೊಂಡ್ರು, ಕೊಳೆ ಇರುತ್ತೆ ಅಂತ."

"ಬಿಡಬೇಡಿ! ಆ ಕೋಟು ಒಳಗೆ ಬರಬಾರದು, ಓಡಿ!" ಎಂದು ಅವನು ಕಿರುಚಿದ.

ಆ ಕಡೆ ಫೋನನ್ನು ಮೇಜಿನ ಮೇಲೆ ಕುಕ್ಕಿದ ಸದ್ದು. ಚಪ್ಪಲಿಯ ಸದ್ದು ದೂರವಾಯಿತು. ಮರುಳಸಿದ್ದಪ್ಪ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ದಫೇದಾರನಿಗೆ ಜೀಪು ತೆಗೆಯೆಂದು ಸನ್ನೆ ಮಾಡಿದ. ಜಯನಗರದಿಂದ ಆಸ್ಪತ್ರೆಗೆ ಲಾಲ್‌ಬಾಗು ಸುತ್ತಿ ಹೋಗಬೇಕು.

ಯಾರೋ ರಿಸೀವರನ್ನು ನಿಧಾನವಾಗಿ ಎತ್ತಿದರು.

"ಹಲೋ? ಯಾರು, ಸಿದ್ದಪ್ಪನಾ?" ಬಾಲ್ಯದಿಂದ ಕೇಳಿದ, ಅದೇ ಅಕ್ಕರೆಯ ಧ್ವನಿ. "ಔಷಧಿ ಹೆಸರು ಸಿಕ್ತಂತೆ, ಡಾಕ್ಟ್ರು ಓಡಿದ್ರು. ಒಳ್ಳೇದಾಯ್ತು ಮಾರಾಯ."

ನರ್ಸಿನ ಚಪ್ಪಲಿಯ ಸದ್ದು ಇನ್ನೂ ಹಿಂದಿರುಗಿರಲಿಲ್ಲ; ಆ ಕೋಟು ಈಗ ಎಲ್ಲಿದೆಯೋ ಎಂದು ಮರುಳಸಿದ್ದಪ್ಪ ಕಿವಿಗೊಟ್ಟ.

"ಗುರುಶಾಂತಪ್ಪ ಹೇಳಿದ್ನಾ?" ಎಂದು ಅನಂತರಾಮು ಕೇಳಿದ. "ಇನ್ನೇನೇನು ಹೇಳಿದ?"